ಮಗ್ಗದ ಮುಂದೆ ಕೇಳಿದ ಪ್ರಶ್ನೆಗಳು

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ಊರು, ಊಟ, ನೋಟಗಳನ್ನು ವರ್ಣಿಸಬೇಕೆಂದು ಓದುಗರು ನಿರೀಕ್ಷಿಸುವುದು ಸಹಜ. ಆ ನಿರೀಕ್ಷೆಯನ್ನು ನಾನು ಪೂರೈಸಲಾರೆನೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಫಿನ್ಲೆಂಡಿನಲ್ಲಿ ನಾನಿದ್ದದ್ದು ಒಂದೇ ವಾರ. ಸರೋವರಗಳ ನಾಡೆಂದು ಹೆಸರಾದ ಆ ದೇಶದ ಸರೋವರಗಳನ್ನು ರೈಲಿನ ಕಿಟಕಿಯಿಂದಷ್ಟೇ ಕಂಡೆ. ಆಗಲೂ ಕಣ್ಣು ಹೆಚ್ಚಾಗಿ ತೊಡೆಯ ಮೇಲಿದ್ದ ಕಾಗದಗಳ ಮೇಲೇ ಇತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಿಗಳು. ಬರೆದದ್ದನ್ನು ಓದಿ ತಿದ್ದಿಕೊಡುವವರು ಮನೆಯಲ್ಲಿ ಇಲ್ಲ. ಭಾಷೆಯಲ್ಲಿ, ಕ್ರಮದಲ್ಲಿ ಕುಂದುಗಳಿದ್ದರೆ ದಯವಿಟ್ಟು ಮನ್ನಿಸಬೇಕು. ಈ ಪ್ರವಾಸದಲ್ಲಿ ನನ್ನ ಅರಿವಿಗೆ ಬಂದ ಒಂದು ತಪ್ಪು ಮಾತ್ರ ಬರವಣಿಗೆಯದಲ್ಲ. ಅದನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ದೊಡ್ಡಬಳ್ಳಾಪುರ

ನಮ್ಮದು ನೇಯ್ಗೆಯ ಮನೆ. ಮುಂದಿನ ಎರಡು ಕೋಣೆಗಳಲ್ಲಿ ನಾವು, ಹಿಂದಿನ ಉದ್ದನೆಯ ಷೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು. ಅಪ್ಪ ಸೀರೆ ನೇಯುತ್ತಾರೆ. ಅಮ್ಮ ಕಂಡಿಕೆ ಸುತ್ತುತ್ತಾರೆ, ಅಂದರೆ ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆಗಳಿಗೆ ನೂಲು ತುಂಬುತ್ತಾರೆ. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬೆಂಗಳೂರಿನ ಒಂದು ಸಂಶೋಧನಾ ತಂಡದಲ್ಲಿ ಸಹಾಯಕಿಯಾಗಿ ಸೇರಿದಾಗ, ಅದು ಎಂತಹ ಕೆಲಸವೆಂದು ಬೀದಿಯವರಿಗೆ ವಿವರಿಸಲು ಅಪ್ಪನಿಗೆ ಕಷ್ಟವಾಯಿತು. ಕೊನೆಗೆ, "ನಮ್ ಚಂದ್ರಿ ಕೆಲ್ಸ ಮಾಡೋರ್ನ ಚೆನ್ನಾಗಿದೀರಾ ಅಂತ ಕೇಳೋ ಕೆಲ್ಸ ಮಾಡ್ತಾಳೆ" ಎಂದು ಹೇಳತೊಡಗಿದರು. ಅದಕ್ಕಿಂತ ಸರಿಯಾದ ವಿವರಣೆಯನ್ನು ನಾನೂ ಕೊಡಲಾರೆ.

ಯೋಜನೆ ಮೂರು ದೇಶಗಳ ಮೂರು ಜವಳಿ ಊರುಗಳಿಗೆ ಸಂಬಂಧಿಸಿದ್ದು. ಕೆಲಸಗಾರರು ನೆಮ್ಮದಿಯಾಗಿದ್ದಾರೆಯೇ, ಅವರ ಸ್ವಭಾವಕ್ಕೂ ಕೆಲಸಕ್ಕೂ ಹೊಂದಿಕೆಯಿದೆಯೇ, ಬೇರೆ ಬೇರೆ ಜಾತಿ, ಭಾಷೆ, ಸೀಮೆಯವರು ಒಂದೇ ಸೂರಿನಡಿ ಹೇಗೆ ಬಾಳುತ್ತಾರೆ ಎಂಬುದನ್ನು ಪ್ರಶ್ನೆಪತ್ರಿಕೆಯ ಮೂಲಕ ತಿಳಿಯಬೇಕಿತ್ತು. ಪ್ರತಿ ವಾಕ್ಯಕ್ಕೂ ಕೆಲಸಗಾರರು ಒಂದರಿಂದ ಐದರವರೆಗೆ ಅಂಕ ಹೇಳುತ್ತಾರೆ; ಒಂದೆಂದರೆ ಒಪ್ಪುವುದೇ ಇಲ್ಲ, ಐದೆಂದರೆ ಪೂರ್ತಿ ಒಪ್ಪಿಗೆ. ನಮ್ಮ ಊರಿನ ಭಾಗವನ್ನು ನನಗೇ ವಹಿಸಲಾಗಿತ್ತು. ಮಗ್ಗ ನಿಲ್ಲಿಸಿದರೆ ಅವರ ದಿನದ ಕೆಲಸ ಕೆಡುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ನಾನೇ ಷೆಡ್ಡುಗಳೊಳಗೆ ಹೋಗಿ, ಮಗ್ಗದ ಪಕ್ಕದಲ್ಲಿ ನಿಂತು, ಕಿವಿಯ ಹತ್ತಿರ ಕೂಗಿ ಕೇಳಿ ಬರೆದುಕೊಂಡೆ. ಒಂದು ಮಗ್ಗವನ್ನೂ ನಿಲ್ಲಿಸದೆ ನಾಲ್ಕು ಬೀದಿ ಮುಗಿಸಿದೆನೆಂಬ ಹೆಮ್ಮೆ ನನಗಿತ್ತು.

'ನಾನು ಹೆಚ್ಚು ಮಾತನಾಡುವ ಸ್ವಭಾವದವನು' ಎಂಬ ವಾಕ್ಯವನ್ನು ಓದಿದಾಗ ಪಕ್ಕದ ಮನೆಯ ನಾಗರಾಜಣ್ಣ ಲಾಳಿ ಬದಲಾಯಿಸುತ್ತಲೇ ಕೂಗಿದರು: "ಏನಮ್ಮಾ ಚಂದ್ರಿ, ಈ ಸದ್ದಲ್ಲಿ ಮಾತಾಡೋನ್ಯಾರು, ಕೇಳೋನ್ಯಾರು? ಇನ್ನು ಮನೇಲಿ ನಿಮ್ಮತ್ತಿಗೆ ಬಿಡ್ತಾಳಾ? ಒಂದು ಅಂತ ಹಾಕ್ಕೋ!"

ಆದರೆ 'ಕೆಲಸದಿಂದ ನನ್ನ ದೇಹಕ್ಕೆ ತೊಂದರೆಯಾಗಿಲ್ಲ', 'ನನಗೆ ಚೆನ್ನಾಗಿ ನಿದ್ರೆ ಬರುತ್ತದೆ', 'ಈ ಸದ್ದು ನನ್ನನ್ನು ಬಾಧಿಸುವುದಿಲ್ಲ' ಎಂಬ ವಾಕ್ಯಗಳಿಗೆ ಅವರು ನಗಲಿಲ್ಲ. ಕೈ ಎತ್ತಿ ಐದು ಬೆರಳು ತೋರಿಸಿದರು. ಅಪ್ಪನೂ ಐದು ಬೆರಳು ತೋರಿಸಿದರು. ಬೀದಿಯುದ್ದಕ್ಕೂ ಐದೇ ಬೆರಳು.

ದೇವನಹಳ್ಳಿ

ಯೋಜನೆಯ ಮೂರು ತಂಡಗಳೂ ಸೇರುವ ಸಭೆ ಫಿನ್ಲೆಂಡಿನಲ್ಲಿತ್ತು. ನನ್ನ ಮಾರ್ಗದರ್ಶಕಿ ವಸುಧಾ ಮೇಡಂ ಬೆಂಗಳೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಅಪ್ಪ ನನ್ನನ್ನು ಬಿಡಲು ಬಂದಿದ್ದರು. ದಿನವೂ ನಮ್ಮ ಸೂರಿನ ಮೇಲೆ ಹಾರುವ ವಿಮಾನಗಳನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ ಮೊದಲು.

ಬಾಗಿಲಿನಲ್ಲಿದ್ದ ಕಾವಲಿನವರು ಟಿಕೆಟ್ ಇಲ್ಲದವರು ಹಿಂದೆ ಸರಿಯಬೇಕೆಂದು ಅಪ್ಪನಿಗೆ ಹೇಳಿದರು. ಅಪ್ಪ ನಕ್ಕು ತಲೆಯಾಡಿಸಿ, ಅಲ್ಲಿಯೇ ನಿಂತರು. ಅವರು ಮತ್ತೆ ಹೇಳಿದರು. ಅಪ್ಪ ಮತ್ತೆ ತಲೆಯಾಡಿಸಿದರು.

"ಯಜಮಾನ್ರೇ, ನಿಮಗೇ ಹೇಳ್ತಿರೋದು!"

"ಹೂಂ ಸ್ವಾಮಿ, ನಮ್ ಮಗಳು. ಫಿನ್ಲೆಂಡು!" ಎಂದು ಅಪ್ಪ ದೊಡ್ಡ ದನಿಯಲ್ಲಿ ಹೇಳಿದರು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನಾನು ಅವರ ತೋಳು ಹಿಡಿದು ಪಕ್ಕಕ್ಕೆ ಕರೆದೆ. ನನಗೆ ನಾಚಿಕೆಯಾಯಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಒಳಗೆ ಕುಳಿತಾಗ ಮೇಡಂ ಹೇಳಿದರು: "ನೋಡು ಚಂದ್ರಕಲಾ, ಅಲ್ಲಿ ನಾಲ್ಕು ವರ್ಷದ ರಿಸರ್ಚ್ ಸೀಟು ಒಂದಿದೆ. ನಿನ್ನ ಹೆಸರು ಹೇಳಿದೀನಿ. ಶುಕ್ರವಾರ ಡಿಸೈಡ್ ಮಾಡ್ತಾರೆ. ಗಾಬರಿ ಮಾಡ್ಕೊಂಡು ಏನಾದ್ರೂ ಉಲ್ಟಾ ಹೊಡೀಬೇಡ, ಅಷ್ಟೆ."

ವಿಮಾನದಲ್ಲಿ ನನಗೆ ನಿದ್ರೆ ಬರಲಿಲ್ಲ.

ತಾಂಪೆರೆ: ಭಾನುವಾರ, ಸೋಮವಾರ

ಹೆಲ್ಸಿಂಕಿಯಿಂದ ರೈಲಿನಲ್ಲಿ ತಾಂಪೆರೆ ಎಂಬ ಊರಿಗೆ ಬಂದೆವು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ತುಂಬಿದ್ದ ಊರು. ಈಗ ಗಿರಣಿಗಳ ಕೆಂಪು ಇಟ್ಟಿಗೆಯ ಕಟ್ಟಡಗಳಲ್ಲಿ ಕಚೇರಿಗಳಿವೆ, ಹೋಟೆಲುಗಳಿವೆ. ಊರಿನ ನಡುವೆ ಹೊಳೆ ಧುಮುಕುತ್ತದೆ. ಆ ಒಂದು ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಮಗ್ಗದ ಮನೆಯಲ್ಲಿ ಬೆಳೆದವಳಿಗೆ ಅಂತಹ ಮೌನದಲ್ಲಿ ಏನೋ ಕೆಟ್ಟುಹೋಗಿದೆ ಎನ್ನಿಸುತ್ತದೆ. ನಮ್ಮ ಮನೆಯಲ್ಲಿ ಸದ್ದು ನಿಂತಿತೆಂದರೆ ಕರೆಂಟು ಹೋಗಿರಬೇಕು, ಇಲ್ಲವೇ ನೂಲು ಹರಿದಿರಬೇಕು.

ಮೊದಲನೆಯ ದಿನವೇ ಬಸ್ಸಿನಲ್ಲಿ ಎಡವಿದೆ. ಒಬ್ಬರೇ ಮುದುಕರು ಕಿಟಕಿಯ ಬಳಿ ಕುಳಿತಿದ್ದರು. ನಾನು ಹೋಗಿ ಅವರ ಪಕ್ಕದಲ್ಲಿಯೇ ಕುಳಿತೆ. ನಮ್ಮ ಕಡೆ ಒಂಟಿಯಾಗಿ ಕುಳಿತ ಹಿರಿಯರನ್ನು ಬಿಟ್ಟು ದೂರ ಕುಳಿತರೆ ಏನೆಂದುಕೊಳ್ಳುತ್ತಾರೆ? ಆ ಮುದುಕರು ಮಾತ್ರ ಬೆಚ್ಚಿ ನನ್ನನ್ನು ನೋಡಿ, ಖಾಲಿಯಿದ್ದ ಇಡೀ ಬಸ್ಸನ್ನು ನೋಡಿ, ಚೀಲವನ್ನು ಎದೆಗೆ ಅವುಚಿಕೊಂಡರು. ಅವರ ನಿಲ್ದಾಣ ಬರುವವರೆಗೂ ಇಬ್ಬರೂ ಉಸಿರು ಬಿಗಿಹಿಡಿದು ಕುಳಿತಿದ್ದೆವು.

ಸೋಮವಾರ ಸಭೆ ಆರಂಭವಾಯಿತು. ತಂಡದ ಮುಖ್ಯಸ್ಥೆ ಹೆಲೆನಾ ಎಂಬ ಹಿರಿಯ ಪ್ರಾಧ್ಯಾಪಕಿ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ. 'ಹೆಲೆನಾ ಮೇಡಂ' ಎಂದೆ. ಅವರು ನಕ್ಕರು.

ಅವರು ಮೊದಲಿಗೆ ಹೇಳಿದ್ದು ಇದು: ಕಿವಿಯ ತಪಾಸಣೆ, ಶ್ರವಣ ಸಾಧನ, ಕೆಲಸದ ನಡುವೆ ವಿಶ್ರಾಂತಿಯ ವ್ಯವಸ್ಥೆ, ಇಷ್ಟನ್ನೂ ಒಳಗೊಂಡ ಕಾರ್ಯಕ್ರಮವೊಂದಕ್ಕೆ ನೆರವು ಸಿಕ್ಕಿದೆ, ಮೂರು ಊರುಗಳಲ್ಲಿ ಅಗತ್ಯ ಹೆಚ್ಚಿರುವ ಎರಡನ್ನು ಶುಕ್ರವಾರ ಆರಿಸಲಾಗುವುದು. ಆಮೇಲೆ ನಮ್ಮ ಊರಿನ ಹಾಳೆಗಳನ್ನು ಮುಂದಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಸದ್ದು, ನಿದ್ರೆ, ದೇಹ, ಎಲ್ಲದರಲ್ಲೂ ನಿಮ್ಮವರ ಉತ್ತರ ಒಂದೇ ಬಗೆಯಾಗಿದೆ. ಇದಕ್ಕೆ ಕಾರಣವೇನಿರಬಹುದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಲೆಯಲ್ಲಿ ಇಂಗ್ಲಿಷ್ ವಾಕ್ಯವನ್ನು ಎರಡು ಬಾರಿ ಜೋಡಿಸಿ ನೋಡಿ, ಹೇಳಿದೆ: "ನಮ್ಮ ಜನ ಸಂತೃಪ್ತ ಸ್ವಭಾವದವರು. ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಅವರಿಗೆ ದೂರುಗಳಿಲ್ಲ."

ವಸುಧಾ ಮೇಡಂ ಮೆಚ್ಚುಗೆಯಿಂದ ತಲೆದೂಗಿದರು. ಹೆಲೆನಾ ಅದನ್ನು ಬರೆದುಕೊಂಡರು. ಸಂಜೆಯ ಹೊತ್ತಿಗೆ ಪರದೆಯ ಮೇಲಿನ ಕರಡು ವರದಿಯಲ್ಲಿ ನನ್ನ ವಾಕ್ಯವೇ ಕಾಣಿಸಿತು. ವ್ಯಾಕರಣ ಸರಿಯಾಗಿತ್ತೆಂದು ಸಮಾಧಾನಪಟ್ಟೆ.

ಮಂಗಳವಾರ

ಅಲ್ಲಿನವರು ದಿನಕ್ಕೆ ಎಷ್ಟು ಬಾರಿ ಕಾಫಿ ಕುಡಿಯುತ್ತಾರೆಂದು ಎಣಿಸುವುದನ್ನು ಬಿಟ್ಟೆ. ಕಾಫಿಯ ಕೋಣೆಯಲ್ಲಿ ಕಚೇರಿಯ ಗುಮಾಸ್ತೆಯೊಬ್ಬರಿಗೆ ಸೌಜನ್ಯಕ್ಕೆಂದು "ಹೇಗಿದ್ದೀರಿ?" ಎಂದೆ. ಅವರು ಲೋಟವನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, ಹೇಳಿದರು: "ಅಷ್ಟು ಚೆನ್ನಾಗಿಲ್ಲ. ಬೆನ್ನು ನೋಯುತ್ತಿದೆ. ಈ ತಿಂಗಳು ಕೆಲಸವೂ ಬೇಸರ ತರಿಸಿದೆ."

ಅವರ ಮೇಲಧಿಕಾರಿ ಪಕ್ಕದಲ್ಲಿಯೇ ನಿಂತಿದ್ದರು! ಈಗ ಬೈಗುಳ ಬೀಳುತ್ತದೆಂದುಕೊಂಡೆ. ಆ ಅಧಿಕಾರಿ ಮಾತ್ರ ಕುರ್ಚಿಯನ್ನು ಬದಲಾಯಿಸಿಕೊಡಲೇ ಎಂದು ಕೇಳಿದರು. ನಮ್ಮಲ್ಲಿ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀನಿ ಎಂದೇ ಹೇಳಬೇಕು. ಜ್ವರದಿಂದ ಮಲಗಿದವರೂ ಮೊದಲು ಹಾಗೆಯೇ ಹೇಳುತ್ತಾರೆ. ಇವರು ಮರ್ಯಾದೆಯಿಲ್ಲದವರೋ, ನಾವು ಬೇರೆ ಲೋಕದವರೋ ಎಂದು ಯೋಚಿಸುತ್ತಾ ಕೋಣೆಗೆ ಮರಳಿದೆ. ಆ ಯೋಚನೆ ಮುಂದಿನ ಹೆಜ್ಜೆಗೆ ಹೋಗಲಿಲ್ಲ.

ಬುಧವಾರ: ಹಳೆಯ ಗಿರಣಿ

ಮಧ್ಯಾಹ್ನ ಬಿಡುವಿತ್ತು. ಹಳೆಯ ಗಿರಣಿಯೊಂದನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ, ನೇಕಾರರ ಮಗಳು ನೋಡಲೇಬೇಕು ಎಂದು ಹೆಲೆನಾ ಹೇಳಿದರು. ಒಬ್ಬಳೇ ಹೋದೆ.

ಮಗ್ಗಗಳ ಸಾಲು ಕಂಡ ಕೂಡಲೇ ಯೋಚಿಸದೆ ಷೂ ಬಿಚ್ಚಿದೆ. ಶಾಲೆಯ ಮಕ್ಕಳ ಗುಂಪೊಂದು ನನ್ನ ಕಾಲುಚೀಲಗಳನ್ನು ನೋಡಿ ಕಿಸಕ್ಕನೆ ನಕ್ಕಿತು. ಅಲ್ಲಿ ಮಗ್ಗ ನಡೆಸಿ ತೋರಿಸುವ ಐಲಾ ಎಂಬ ವೃದ್ಧೆ ಮಾತ್ರ ನಗಲಿಲ್ಲ. ನಾನು ಯಾರೆಂದು ಕೇಳಿ ತಿಳಿದುಕೊಂಡು, ಗುಂಡಿ ಒತ್ತಿದರು. ಲಾಳಿ ಓಡಿತು. ಮೂರು ದಿನಗಳ ಮೌನದ ಮೇಲೆ ಆ ಸದ್ದು ಬಿದ್ದಾಗ ನನ್ನ ಕಣ್ಣು ತುಂಬಿತು.

ಅವರು ನನ್ನ ಕಿವಿಯ ಬಳಿ ಬಾಗಿ ಕೂಗಿದರು: "ಮನೆಯಲ್ಲಿ ಹೇಗಿದೆ ಕೆಲಸ? ಕಷ್ಟವೇ?"

"ಚೆನ್ನಾಗಿದೆ! ಏನೂ ಕಷ್ಟವಿಲ್ಲ!" ಎಂದು ಕೂಗಿದೆ.

ಐಲಾ ಮಗ್ಗ ನಿಲ್ಲಿಸಿದರು. ಬಿಳಿಗೂದಲನ್ನು ಹಿಂದೆ ಸರಿಸಿ ಎರಡೂ ಕಿವಿಗಳಲ್ಲಿದ್ದ ಶ್ರವಣ ಸಾಧನಗಳನ್ನು ತೋರಿಸಿದರು. ಮಗ್ಗದ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಇವೆರಡೂ ಇದು ಕೊಟ್ಟದ್ದು. ನನ್ನ ಯೌವನವನ್ನೆಲ್ಲ ಈ ಹಾಳು ಯಂತ್ರ ತಿಂದಿತು."

ನಾನು ಬೆದರಿಹೋದೆ. ನನ್ನ ಕೈ ತಾನಾಗಿಯೇ ಚಾಚಿ ಮಗ್ಗವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು, ಅವರ ಪರವಾಗಿ ಕ್ಷಮೆ ಕೇಳುವಂತೆ. ಮಗ್ಗದ ಎದುರಿಗೆ ಯಾರಾದರೂ ಇಂತಹ ಮಾತು ಆಡುತ್ತಾರೆಯೇ?

ಆಡುವುದಿಲ್ಲ. ನಮ್ಮ ಬೀದಿಗಳಲ್ಲಿ ಆಡುವುದಿಲ್ಲ. ಅನ್ನ ಕೊಡುವ ಮಗ್ಗದ ಮುಂದೆ ಕೆಲಸದ ಬೇಸರ, ಮೈಯ ನೋವು, 'ಆಗುವುದಿಲ್ಲ', 'ಸಾಕಾಯಿತು' ಎಂಬ ಮಾತುಗಳು ಬಾಯಿಗೆ ಬರಬಾರದು. ಕೆಲಸ ಬಿಡುವವನೂ ಯಜಮಾನನನ್ನು ಹೊರಗೆ ಕರೆದು ಹೇಳುತ್ತಾನೆ. ಸಾವಿನ ಸುದ್ದಿ ಬಂದರೂ ನೇಯುತ್ತಿರುವವರನ್ನು ಬೀದಿಗೆ ಕರೆದೇ ತಿಳಿಸುತ್ತಾರೆ. ಮಾತು ಕಲಿತ ದಿನದಿಂದ ನಾನು ಪಾಲಿಸಿಕೊಂಡು ಬಂದದ್ದು ಇದೇ. ಉಸಿರಾಡುವುದನ್ನು ಹೇಗೆ ಗಮನಿಸುವುದಿಲ್ಲವೋ ಹಾಗೆ ಇದನ್ನೂ ಗಮನಿಸಿರಲಿಲ್ಲ. ಮತ್ತು ನಾನು ನಾಲ್ಕು ಬೀದಿಗಳ ಪ್ರತಿಯೊಬ್ಬರನ್ನೂ ಮಗ್ಗದ ಪಕ್ಕದಲ್ಲಿಯೇ ನಿಲ್ಲಿಸಿ, ನಿಮಗೆ ನೋವಿದೆಯೇ ಎಂದು ಕೇಳಿದ್ದೆ.

ಹೊರಗೆ ಬಂದು ಹೊಳೆಯ ದಂಡೆಯ ಕಲ್ಲಿನ ಮೇಲೆ ಕುಳಿತೆ. ಷೂ ಒಳಗೇ ಉಳಿದಿತ್ತು. ಐಲಾ ಅದನ್ನು ಹಿಡಿದು ಹಿಂದೆಯೇ ಬಂದರು, ಏನನ್ನೂ ಕೇಳದೆ ಪಕ್ಕದಲ್ಲಿಟ್ಟು ಹೋದರು.

ಊರಿನಲ್ಲಿ ಆಗ ಸಂಜೆ ಐದೂವರೆ. ಮನೆಗೆ ಫೋನ್ ಮಾಡಿದೆ.

"ಅಮ್ಮಾ, ಅಪ್ಪನ್ನ ಷೆಡ್ಡಿಂದ ಆಚೆ ಕರಿ. ಜಗುಲಿ ಮೇಲೆ ಕೂರ್ಸು. ಮಾತಾಡ್ಬೇಕು."

"ಆಚೆಗಾ? ಯಾಕೇ? ಯಾರಿಗೇನಾಯ್ತೇ?" ನಾನು ಉತ್ತರಿಸುವ ಮೊದಲೇ ಅಮ್ಮ ಫೋನ್ ಹಿಡಿದು ಓಡಿದ್ದು ಕೇಳಿಸಿತು. ಒಂದೊಂದಾಗಿ ಮಗ್ಗಗಳ ಸದ್ದು ನಿಂತಿತು. ಅಪ್ಪನ ಏದುಸಿರು: "ಏನಮ್ಮಾ, ಏನಾಯ್ತು ನಿಂಗೆ? ಹುಷಾರಾಗಿದೀಯಾ? ನಾನು ಬರ್ಲಾ?"

ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಬರಲೇ ಎಂದು ಕೇಳುತ್ತಿದ್ದರು.

"ನಂಗೇನೂ ಆಗಿಲ್ಲಪ್ಪ. ಒಂದೆರಡು ಪ್ರಶ್ನೆ ಕೇಳ್ಬೇಕಿತ್ತು, ಅಷ್ಟೆ."

"ಹಿಂಗಾ ಜೀವ ತೆಗೆಯೋದು, ಮುಂಡೇದೆ!" ಎಂದು ಅಮ್ಮ ಬೈದು, ಮೂಗು ಸೊರಕ್ಕನೆ ಎಳೆದುಕೊಂಡರು. ಆಮೇಲೆ ನಾನು ಒಂದೊಂದೇ ಪ್ರಶ್ನೆ ಕೇಳಿದೆ, ಅಮ್ಮ ಅದನ್ನು ಅಪ್ಪನ ಎಡಗಿವಿಗೆ ಕೂಗಿದರು.

"ಬಲಗಿವಿ ಹೋಗಿ ಯಾವ್ ಕಾಲ ಆಯ್ತು" ಎಂದರು ಅಪ್ಪ, ಹವಾಮಾನ ಹೇಳುವಂತೆ. "ಎಡಗಿವೀಲಿ ಜೀರುಂಡೆ ಕೂತಂಗೆ ಗುಂಯ್ ಅಂತದೆ. ಮಲಗಿದ್ರೂ ಬಿಡಲ್ಲ. ನಿದ್ದೆ ಎಲ್ಲಿಂದ ಬರಬೇಕು?"

"ಅವತ್ತು ಷೆಡ್ಡಲ್ಲಿ ಐದು ಬೆರಳು ತೋರಿಸಿದ್ಯಲ್ಲಪ್ಪ!"

"ಮತ್ತೆ? ಮಗ್ಗದ ಮುಂದೆ ನಿಂತ್ಕೊಂಡು ಇನ್ನೇನ್ ಹೇಳ್ಲಿ? ನೀನು ಹೇಳ್ತಿದ್ಯಾ?"

ಅಷ್ಟರಲ್ಲಿ ಅಮ್ಮ ಹೇಳಿದರು: "ಇವರ್ನಾದ್ರೂ ಕೇಳ್ದೆ. ನನ್ನ ಯಾರೂ ಕೇಳ್ಲೇ ಇಲ್ಲ ಬಿಡು." ಪ್ರಶ್ನೆಪತ್ರಿಕೆ ನೇಯುವವರಿಗೆ ಮಾತ್ರ ಎಂದು ನಿಗದಿಯಾಗಿತ್ತು. ಕಂಡಿಕೆ ಸುತ್ತುವವರು ಕೆಲಸಗಾರರೇ ಎಂಬುದು ನನಗೂ ಹೊಳೆದಿರಲಿಲ್ಲ.

ನಾಗರಾಜಣ್ಣನಿಗೂ ಇನ್ನಿಬ್ಬರಿಗೂ ಫೋನ್ ಮಾಡಿ, ಬೀದಿಗೆ ಬರಲು ಹೇಳಿ ಕೇಳಿದೆ. ಬಂದ ಉತ್ತರಗಳಲ್ಲಿ ಐದು ಎಂಬ ಅಂಕವೇ ಇರಲಿಲ್ಲ.

ಗುರುವಾರ

ಬೆಳಗಿನ ತಿಂಡಿಯ ಮೇಜಿನಲ್ಲಿ ವಸುಧಾ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರ ಚಮಚ ಅರ್ಧದಲ್ಲಿಯೇ ನಿಂತಿತು.

"ನಾಲ್ಕು ಜನ ಫೋನಲ್ಲಿ ಹೇಳಿದ್ರು ಅಂತ ಇಡೀ ಡೇಟಾ ತಪ್ಪು ಅಂತೀಯಾ?"

"ಮೇಡಂ, ಕೇಳಿದ ಜಾಗವೇ ತಪ್ಪು."

"ಆರು ತಿಂಗಳಿಂದ ಎಲ್ಲಿದ್ದೆ? ನೀನು ಆ ಮನೆ ಹುಡುಗಿ ಅಂತ ತಾನೇ ನಿಂಗೆ ಈ ಕೆಲ್ಸ ಕೊಟ್ಟಿದ್ದು?"

ಆ ಮಾತು ನ್ಯಾಯವಾದದ್ದೇ. ತಲೆ ತಗ್ಗಿಸಿದೆ. ಅವರು ದನಿ ಇಳಿಸಿದರು: "ನಾಳೆ ಬಾಯಿ ಬಿಡ್ಬೇಡ. ಊರಿಗೆ ಹೋದ್ಮೇಲೆ ವರದಿಗೊಂದು ಟಿಪ್ಪಣಿ ಸೇರಿಸೋಣ. ಸೀಟು ಹೋದ್ರೆ ಮತ್ತೆ ಬರಲ್ಲ ಚಂದ್ರಕಲಾ. ನಿನ್ನಂಥ ಹುಡುಗೀರಿಗೆ ಎರಡನೇ ಸಲ ಬಾಗ್ಲು ತೆಗೆಯೋರು ಕಡಿಮೆ."

ಅವರು ನನ್ನ ಕೆಡುಕು ಬಯಸಿ ಹಾಗೆ ಹೇಳಲಿಲ್ಲವೆಂದು ಇಂದಿಗೂ ನಂಬಿದ್ದೇನೆ. ಆದರೆ ಟಿಪ್ಪಣಿ ಸೇರುವ ಹೊತ್ತಿಗೆ ಕಾರ್ಯಕ್ರಮ ಬೇರೆ ಎರಡು ಊರುಗಳಿಗೆ ಹೋಗಿರುತ್ತದೆ. ನಮ್ಮ ಊರಿನವರು ಸಂತೃಪ್ತರೆಂದು ಬರೆದಿಟ್ಟ ಕಾಗದ ಮಾತ್ರ ಉಳಿಯುತ್ತದೆ, ಅದೂ ನನ್ನ ವಾಕ್ಯದಲ್ಲಿ.

ಆ ದಿನವಿಡೀ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ನಾಲಗೆ ತಡವರಿಸಿದರೆ ಓದಿ ಹೇಳಬಹುದೆಂದು ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡೆ.

ಶುಕ್ರವಾರ

ಸಭೆಯಲ್ಲಿ ನಮ್ಮ ಊರಿನ ಹೆಸರು ಬಂದಾಗ ಕೈ ಎತ್ತಿದೆ. ವಸುಧಾ ಮೇಡಂ ಮೇಜನ್ನೇ ನೋಡುತ್ತಿದ್ದರು. ಬರೆದ ಹಾಳೆ ಬೆವರಿಗೆ ಒದ್ದೆಯಾಗಿ ಮಡಿಕೆಯಲ್ಲಿ ಅಂಟಿಕೊಂಡಿತ್ತು. ಅದನ್ನು ಬಿಟ್ಟು ನನಗೆ ಬಂದ ಇಂಗ್ಲಿಷಿನಲ್ಲಿಯೇ ಹೇಳಿದೆ: ನಮ್ಮ ಮನೆಗಳಲ್ಲಿ ಮಗ್ಗದ ಮುಂದೆ ಏನನ್ನು ಹೇಳುವುದಿಲ್ಲ, ನಾನು ಎಲ್ಲಿ ನಿಂತು ಕೇಳಿದೆ, ಬೀದಿಗೆ ಕರೆದು ಕೇಳಿದಾಗ ಏನು ಹೇಳಿದರು.

ಆ ದೇಶದವರ ಮೌನವನ್ನು ಓದಲು ಐದು ದಿನ ಸಾಲದು. ಅದು ಕೋಪವೋ, ಯೋಚನೆಯೋ, ನನಗೆ ತಿಳಿಯಲಿಲ್ಲ.

ಕೊನೆಗೆ ಹೆಲೆನಾ ಹೇಳಿದರು: "ಸೋಮವಾರ ನೀವು ಬೇರೆ ಹೇಳಿದ್ದಿರಿ."

"ಹೌದು. ಸೋಮವಾರ ನನಗೆ ತಿಳಿದಿರಲಿಲ್ಲ."

"ಈ ಹಾಳೆಗಳಲ್ಲಿ ಯಾವುದನ್ನು ನಾವು ಉಳಿಸಿಕೊಳ್ಳಬಹುದು?"

"ಯಾವುದನ್ನೂ ಇಲ್ಲ" ಎಂದೆ.

ಆಗ ವಸುಧಾ ಮೇಡಂ ತಲೆಯೆತ್ತಿದರು. "ಮತ್ತೆ ಕೇಳಿಸುವ ಜವಾಬ್ದಾರಿ ನನ್ನದು. ಮೂರು ತಿಂಗಳು ಕೊಡಿ" ಎಂದರು. ನನ್ನ ಕಡೆ ನೋಡಲಿಲ್ಲ.

ಊರುಗಳ ಆಯ್ಕೆಯನ್ನು ಮೂರು ತಿಂಗಳು ಮುಂದೂಡಿದರು. ಸಂಶೋಧನಾ ಸ್ಥಾನದ ಆಯ್ಕೆಯನ್ನು ಮುಂದೂಡಲಿಲ್ಲ. ಅಂದೇ ಸಂಜೆ ಹೆಲೆನಾ ನನ್ನನ್ನು ಪಕ್ಕಕ್ಕೆ ಕರೆದು, ಅದು ಇನ್ನೊಂದು ಊರಿನ ಅಧ್ಯಯನ ಮಾಡಿದ ಯುವತಿಗೆ ಹೋಗಿದೆಯೆಂದು ಸುತ್ತಿ ಬಳಸದೆ ಹೇಳಿದರು. ಉಪಯೋಗಿಸಬಹುದಾದ ಮಾಹಿತಿ ಇಲ್ಲದವರಿಗೆ ಅದನ್ನು ಕೊಡುವಂತಿಲ್ಲ ಎಂದರು. "ಧನ್ಯವಾದ, ಹೆಲೆನಾ" ಎಂದೆ. ಆ ವಾರದಲ್ಲಿ ಅವರನ್ನು ಬರೀ ಹೆಸರಿನಿಂದ ಕರೆದದ್ದು ಅದೊಂದೇ ಬಾರಿ.

ಮನೆ

ಮರಳಿ ಬಂದ ಮೇಲೆ ಎಲ್ಲರನ್ನೂ ಮತ್ತೆ ಕೇಳಿದೆ. ಈ ಬಾರಿ ಮನೆಗಳ ಜಗುಲಿಯ ಮೇಲೆ, ಒಬ್ಬೊಬ್ಬರನ್ನಾಗಿ. ಕಂಡಿಕೆ ಸುತ್ತುವ ಹೆಂಗಸರನ್ನೂ ಕೇಳಿದೆ. ಸಾವಿನ ಸುದ್ದಿಯಲ್ಲವೆಂದು ಮೊದಲೇ ಎಲ್ಲರಿಗೂ ತಿಳಿಸಿದ್ದೆ. ಆದರೂ ನಾಗರಾಜಣ್ಣ, "ಇವಳು ಕರೆದ್ರೆ ಎದೆ ಧಸಕ್ ಅಂತದಪ್ಪ" ಎಂದು ಬೀದಿಯವರನ್ನೆಲ್ಲ ನಗಿಸಿದರು. ಮೂರು ತಿಂಗಳ ನಂತರ ಕಾರ್ಯಕ್ರಮಕ್ಕೆ ಆಯ್ಕೆಯಾದ ಎರಡು ಊರುಗಳಲ್ಲಿ ನಮ್ಮದೂ ಒಂದಾಯಿತು.

ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳು ಇಷ್ಟು. ನನಗೆ ವಿದೇಶದ ಸ್ಥಾನ ಸಿಗಲಿಲ್ಲ. ಅದೇ ಯೋಜನೆಯಲ್ಲಿ ಸಹಾಯಕಿಯಾಗಿಯೇ ಇದ್ದೇನೆ, ದಿನವೂ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪನ ಬಲಗಿವಿಗೆ ಮಾಡುವಂಥದ್ದು ಏನೂ ಉಳಿದಿಲ್ಲವೆಂದು ವೈದ್ಯರು ಹೇಳಿದರು. ಎಡಗಿವಿಗೆ ಸಾಧನ ಹಾಕಿದ್ದಾರೆ. ನೂಲು ಸುತ್ತಿ ಸುತ್ತಿ ನೋಯುತ್ತಿದ್ದ ಅಮ್ಮನ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ದಿನಕ್ಕೆ ಎಷ್ಟು ಹೊತ್ತು ಸುತ್ತಬಹುದೆಂದು ಬರೆದುಕೊಟ್ಟಿದ್ದಾರೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ನಾಲ್ಕು ಮಗ್ಗಗಳೂ ನಿಲ್ಲುತ್ತವೆ. ಮೊದಲು ಒಬ್ಬರು ಮಗ್ಗ ನೋಡಿಕೊಳ್ಳುವಾಗ ಇನ್ನೊಬ್ಬರು ಉಣ್ಣುತ್ತಿದ್ದರು. ಈಗ ಅಪ್ಪ ಅಮ್ಮ ಒಟ್ಟಿಗೆ ಕುಳಿತು ಊಟ ಮಾಡುತ್ತಾರೆ.